ಅಜ್ಜಿಗೆ ಇದ್ದಕ್ಕಿದ್ದಂತೆ ಏದುಸಿರು: ನಾನು ನೋಡುವ ಕ್ರಮ

"ವಯಸ್ಸಾಯ್ತಲ್ಲ ಡಾಕ್ಟ್ರೇ, ಸ್ವಲ್ಪ ಏದುಸಿರು" ಅಂತ ಮನೆಯವರು ಹೇಳಿದರೆ, ಯಾವಾಗಿನಿಂದ ಅಂತ ಕೇಳುತ್ತೇನೆ. ನಿನ್ನೆಯಿಂದ ಅಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು ಅನ್ನುವ ಅನುಮಾನ ನನಗೆ ಬರುತ್ತದೆ. ವಯಸ್ಸಾದವರಿಗೆ ಎದೆನೋವು ಇರಲೇಬೇಕು ಅಂತಿಲ್ಲ. ಕೆಲವರು ಸುಮ್ನೆ ತಲೆಸುತ್ತಿ ಬಿದ್ದಿರುತ್ತಾರೆ.

ಆಮೇಲಿನ ಪ್ರಶ್ನೆ, ಇತ್ತೀಚೆಗೆ ಹಾಸಿಗೆ ಹಿಡಿದಿದ್ದರಾ? ಆಪರೇಷನ್ ಆಗಿತ್ತಾ? ಬೆಂಗಳೂರಿನಲ್ಲಿ ಇನ್ನೊಂದನ್ನೂ ಕೇಳಲೇಬೇಕು: ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಈಗಷ್ಟೇ ವಾಪಸ್ ಬಂದಿದ್ದಾರಾ? ಹಾಸಿಗೆಯಲ್ಲೋ ವಿಮಾನದಲ್ಲೋ ತುಂಬಾ ಹೊತ್ತು ಅಲುಗಾಡದೆ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಬಹುದು.

ಎರಡೂ ಕಾಲುಗಳ ಮೀನಖಂಡವನ್ನು ಟೇಪಿನಲ್ಲಿ ಅಳೆಯುತ್ತೇನೆ. ಒಂದು ಕಾಲು 3 ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ ಇದ್ದರೆ ಅನುಮಾನ ಬಲವಾಗುತ್ತದೆ. ಸೀರೆ, ಪಂಚೆ ಸರಿಸಿ ನೋಡದಿದ್ದರೆ ಇದು ಕಾಣುವುದೇ ಇಲ್ಲ.

ಅನುಮಾನ ಕಡಿಮೆ ಇದ್ದರೆ ಮಾತ್ರ ಡಿ-ಡೈಮರ್ ಪರೀಕ್ಷೆ, ಅಂದರೆ ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರುಗಳ ಅಳತೆ. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸುತ್ತೇನೆ. 82 ವರ್ಷದವರಿಗೆ ಎಂದಿನ 500 ಅಲ್ಲ, 820 ಮಿತಿ; ಅದಕ್ಕಿಂತ ಕಡಿಮೆ ಬಂದರೆ ಹೆಪ್ಪು ಇರುವ ಸಾಧ್ಯತೆ ತೀರಾ ಕಡಿಮೆ. ಈ ಲೆಕ್ಕ ಎಫ್‌ಇಯು (ಡಿ-ಡೈಮರ್ ಅಳೆಯುವ ಒಂದು ಬಗೆ) ಯೂನಿಟ್ಟಿಗೆ ಮಾತ್ರ, ಅದೂ ಪ್ರತಿ ಎಂಎಲ್‌ಗೆ ನ್ಯಾನೋಗ್ರಾಂನಲ್ಲಿ. ಲ್ಯಾಬಿನವರು ಬೇರೆ ಯೂನಿಟ್ ಹಾಕಿರುತ್ತಾರೆ, ನೋಡಿಕೊಳ್ಳಬೇಕು. ಮೊನ್ನೆಯಷ್ಟೇ ಸೊಂಟದ ಆಪರೇಷನ್ ಆದವರಿಗೆ ಇದು ಹೇಗೂ ಏರಿರುತ್ತದೆ, ದುಡ್ಡು ದಂಡ.

ನಾನು ಜಾಸ್ತಿ ಹೊತ್ತು ಕಳೆಯುವುದು ಕಿಡ್ನಿ ಲೆಕ್ಕದಲ್ಲಿ. 85 ವರ್ಷದ ಅಜ್ಜಿ, 42 ಕಿಲೋ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ತ್ಯಾಜ್ಯ) 1.2 ಅಂತಿಟ್ಟುಕೊಳ್ಳಿ. ರಿಪೋರ್ಟ್ ನೋಡಿದರೆ ಅಂಥದ್ದೇನಿಲ್ಲ ಅನಿಸುತ್ತದೆ. ವಯಸ್ಸು, ತೂಕ ಸೇರಿಸಿದರೆ ಕ್ಲಿಯರೆನ್ಸ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ನಿಮಿಷಕ್ಕೆ ಸುಮಾರು 23 ಎಂಎಲ್ ಮಾತ್ರ! ಹೆಪ್ಪು ಬೆಳೆಯದಂತೆ ತಡೆಯುವ ಎನಾಕ್ಸಪಾರಿನ್ ಇಂಜೆಕ್ಷನ್ ಸಾಮಾನ್ಯವಾಗಿ ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ. ಕ್ಲಿಯರೆನ್ಸ್ 30ಕ್ಕಿಂತ ಕೆಳಗಿದ್ದರೆ ಒಂದೇ ಸಲ. ಹಾಗಾಗಿ ಮನೆಯವರು "ಐವತ್ತು ಕಿಲೋ ಇರಬಹುದು" ಅಂದರೂ ತೂಕದ ಯಂತ್ರದ ಮೇಲೆ ನಿಲ್ಲಿಸಿಯೇ ನೋಡುತ್ತೇನೆ.

ಇಂಥವರಿಗೆ ಬಿಪಿ ಸರಿಯಿದ್ದರೆ, ಕಿಡ್ನಿಗೆ ಹೊರೆಯಾಗಬಹುದಾದ ಡೈ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್‌ಗಿಂತ ಮೊದಲು ಕಾಲಿನ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿಸುತ್ತೇನೆ. ತೊಡೆಯ ರಕ್ತನಾಳದಲ್ಲಿ ಹೆಪ್ಪು ಕಂಡರೆ ಚಿಕಿತ್ಸೆಗೆ ಅಷ್ಟೇ ಸಾಕು. ಕಾಣದಿದ್ದರೆ ಅನುಮಾನ ಹೋಯಿತು ಅಂತಲ್ಲ, ಆಗ ಸಿಟಿ ಮಾಡಿಸಲೇಬೇಕು. ಬಿಪಿ ಕುಸಿದಿದ್ದರೆ ಈ ಲೆಕ್ಕಾಚಾರಕ್ಕೆಲ್ಲ ಸಮಯವಿಲ್ಲ, ನೇರ ಐಸಿಯು.

ಮನೆಗೆ ಕಳಿಸುವಾಗ ಮಗಳನ್ನೋ ಸೊಸೆಯನ್ನೋ ಕೂರಿಸಿ ಹೇಳುತ್ತೇನೆ: "ನೋಡಮ್ಮಾ, ರಕ್ತ ತೆಳುವಾಗಿಸುವ ಮಾತ್ರೆ ಕನಿಷ್ಠ 3 ತಿಂಗಳು. ನೀವಾಗೇ ನಿಲ್ಲಿಸಬೇಡಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಕೊಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆದೀತು. ಮಲ ಟಾರಿನಂತೆ ಕಪ್ಪಗಾದರೆ ಅಥವಾ ತಲೆಗೆ ಪೆಟ್ಟು ಬಿದ್ದರೆ ಅವತ್ತೇ ಕರೆತನ್ನಿ."