ಹಳೆಯ ಸ್ಕಾಟಿಷ್ ಹಾಡಿನ ಪುಸ್ತಕ ಕೊಳ್ಳುವ ಮುನ್ನ ಹಾಳೆಯನ್ನು ಬೆಳಕಿಗೆ ಹಿಡಿಯಿರಿ

ಹಳೆಯ ಸ್ಕಾಟಿಷ್ ಹಾಡು, ಮಟ್ಟುಗಳ ಪುಸ್ತಕ ಸಂಗ್ರಹಿಸಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಒಳರಟ್ಟಿನ ಮೇಲೆ ಅಂಗಡಿಯವನು ಪೆನ್ಸಿಲಿನಲ್ಲಿ ಗೀಚಿದ ಇಸವಿಯನ್ನು ನಂಬಿ ದುಡ್ಡು ಎಣಿಸಿಬಿಡುತ್ತಾರೆ.

1. ಹಾಡು ಬೇಕೋ, ಪಿಟೀಲಿನ ಕುಣಿತದ ಮಟ್ಟು ಬೇಕೋ ತೀರ್ಮಾನಿಸಿ. ಹಾಡಿಗೆ ಜೇಮ್ಸ್ ಜಾನ್ಸನ್‌ನ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ (1787–1803): ಆರು ಸಂಪುಟ, 600 ಹಾಡು, ಅದರ ಹಿಂದೆ ಕವಿ ರಾಬರ್ಟ್ ಬರ್ನ್ಸ್‌ನ ದುಡಿಮೆ. ಕುಣಿತಕ್ಕೆ 1784ರಿಂದ ಹೊರಬಂದ ಪಿಟೀಲುಗಾರ ನೀಲ್ ಗೌ ಸಂಗ್ರಹಗಳು. ಯುರೋಪಿನ ಶಾಸ್ತ್ರೀಯ ಸಂಗೀತ ರಚನಕಾರರಾದ ಹೇಡನ್, ಬೀಥೋವನ್ ಅವರಿಂದ ಪಕ್ಕವಾದ್ಯ ಬರೆಸಿದ ಜಾರ್ಜ್ ಥಾಮ್ಸನ್‌ನ ಸಂಕಲನಗಳು ಶೋಕೇಸಿಗೆ ಚೆಂದ. ಹಳ್ಳಿಯ ಹುಡುಗಿಗೆ ಜರತಾರಿ ಹೊದಿಸಿದಂತೆ. ನಾನಂತೂ ಕೊಳ್ಳುವುದಿಲ್ಲ.

2. ಇಸವಿ ಪತ್ತೆ ಮಾಡಿ. ಕಷ್ಟವಿರುವುದು ಇಲ್ಲೇ. ಹದಿನೆಂಟನೆಯ ಶತಮಾನದ ಸಂಗೀತ ಪುಸ್ತಕಗಳಲ್ಲಿ ಬಹುಪಾಲಿನ ಮುಖಪುಟದಲ್ಲಿ ಇಸವಿಯೇ ಇಲ್ಲ. ಸ್ವರಗಳನ್ನು ಪ್ಯೂಟರ್ (ತವರದ ಮಿಶ್ರಲೋಹ) ತಗಡಿನ ಮೇಲೆ ಕೊರೆದು, ಬೇಡಿಕೆ ಬಂದಾಗಲೆಲ್ಲ ಅದೇ ತಗಡಿನಿಂದ ಮತ್ತೆ ಅಚ್ಚು ಹಾಕುತ್ತಿದ್ದರು. ತಗಡುಗಳು ಬೇರೆ ಪ್ರಕಾಶಕರಿಗೂ ಮಾರಾಟವಾಗುತ್ತಿದ್ದವು. ಹೀಗಾಗಿ ಮುಖಪುಟ ಹಳೆಯದು, ನಿಮ್ಮ ಕೈಯ ಪ್ರತಿ ಇಪ್ಪತ್ತು ವರ್ಷ ಈಚಿನದು ಎಂಬಂತಾಗುತ್ತದೆ.

ಮೊದಲು ಪ್ರಕಾಶಕನ ವಿಳಾಸ ನೋಡಿ. ಎಡಿನ್‌ಬರೋದ ರಾಬರ್ಟ್ ಬ್ರೆಮ್ನರ್ ಲಂಡನ್ನಿನಲ್ಲಿ ಅಂಗಡಿ ತೆರೆದದ್ದು 1762ರಲ್ಲಿ. ಆ ವಿಳಾಸವಿರುವ ಪ್ರತಿ ಅದಕ್ಕಿಂತ ಹಳೆಯದಾಗಲಾರದು. ಉಳಿದವರ ವಿಳಾಸಗಳಿಗೆ ಫ್ರಾಂಕ್ ಕಿಡ್ಸನ್ 1900ರಲ್ಲಿ ಹೊರತಂದ ಪ್ರಕಾಶಕರ ಕೋಶ ಸಾಕು.

ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ರಫ್ತಾದ ಕಾಗದದ ಸುಂಕ ವಾಪಸು ಬೇಕಿದ್ದರೆ ಹಾಳೆಯೊಳಗೆ ಮೂಡಿಸಿದ ವಾಟರ್‌ಮಾರ್ಕಿನಲ್ಲಿ ಇಸವಿ ಇರಲೇಬೇಕೆಂಬ ಕಾನೂನು 1794ರಲ್ಲಿ ಬಂದಿತು. ಅನೇಕ ಗಿರಣಿಗಳು ಅದನ್ನು ಅನುಸರಿಸಿದವು. ‘1787ರ ಮೊದಲ ಮುದ್ರಣ’ ಎಂದವನ ಪುಸ್ತಕದಲ್ಲಿ 1808 ಕಂಡರೆ ವಾದ ಮುಗಿಯಿತು. ಇಸವಿ ಕಾಣದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಒಂದೇ ಹಾಳೆ ನೋಡಿ ನಿಲ್ಲಿಸಬೇಡಿ. ಹಿಂದಿನವರು ಬೇರೆ ಬೇರೆ ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಕಟ್ಟಿಸುತ್ತಿದ್ದರು.

ಕೊನೆಗೆ ಗೆರೆಗಳು. ಹೊಸ ತಗಡಿನ ಅಚ್ಚು ಕಪ್ಪಗೆ, ಚೂಪಾಗಿರುತ್ತದೆ. ಸವೆದ ತಗಡಿನಲ್ಲಿ ಐದು ಗೆರೆಗಳು ಬೂದಾಗಿ ಅಲ್ಲಲ್ಲಿ ತುಂಡಾಗುತ್ತವೆ, ಬಿರುಕಿನ ಗುರುತು ಸ್ವರಗಳ ನಡುವೆ ಅಡ್ಡ ಹಾಯುತ್ತದೆ.

ಅಡ್ಡದಾರಿಯೂ ಇದೆ: ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಸಂಗೀತ ಪುಸ್ತಕಗಳ ಗ್ಲೆನ್, ಇಂಗ್ಲಿಸ್ ಸಂಗ್ರಹಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಪುಟಕ್ಕೆ ಪುಟ ಹೋಲಿಸಿ ನೋಡಬಹುದು. ಬೆಳಕಿಗೆ ಹಿಡಿದ ಹಾಳೆಯ ಫೋಟೊ ಕಳುಹಿಸಲು ಮೀನಮೇಷ ಎಣಿಸುವವನಿಂದ ಕೊಳ್ಳಬೇಡಿ. ‘ಅಪರೂಪದ ಮರುಮುದ್ರಣ’ ಎಂಬ ಹೆಸರಿನ, ಸ್ಕ್ಯಾನಿನಿಂದ ಅಚ್ಚಾದ ಪೇಪರ್‌ಬ್ಯಾಕುಗಳಂತೂ ಬೇಡವೇ ಬೇಡ. ಸ್ವರದ ಬಾಲಗಳೇ ಮಾಯವಾಗಿರುತ್ತವೆ.

3. ಪರಿವಿಡಿ ಹಿಡಿದು ಪುಟ ಎಣಿಸಿ.

4. ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ, ಕೆಂಪು ಪುಡಿ ಉದುರುವ ಚರ್ಮದ ರಟ್ಟಿಗೆ ಎಣ್ಣೆ ತಿಕ್ಕಬೇಡಿ. ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ಯಾರೋ ಪಿಟೀಲುಗಾರ ಹಾಕಿಕೊಂಡ ಬೆರಳಿನ ಗುರುತುಗಳನ್ನು ರಬ್ಬರಿನಿಂದ ಅಳಿಸುವುದು ಅಪರಾಧ. ಹಿಂಬದಿಯ ಖಾಲಿ ಹಾಳೆಯಲ್ಲಿ ಶಾಯಿಯಿಂದ ಬರೆದುಕೊಂಡ ಮಟ್ಟೊಂದಿದ್ದರೆ ನಾನು ಚೌಕಾಸಿಗೇ ಇಳಿಯುವುದಿಲ್ಲ.