ಗೇಟಿನ ಜನ, ಕ್ಲಬ್ಬಿನ ಹಣ: ಆಸ್ಟ್ರೇಲಿಯಾದ ಫೂಟಿ ಲೆಕ್ಕವನ್ನು ನಾನು ಓದುವ ಕ್ರಮ

ಅಕ್ಟೋಬರ್ ಬಂತೆಂದರೆ ಆಸ್ಟ್ರೇಲಿಯಾದಲ್ಲಿ ಯಾವ ಲೀಗ್ ದೊಡ್ಡದು ಎಂಬ ಜಗಳ ತಪ್ಪಿದ್ದಲ್ಲ. ಎರಡೂ ಲೀಗ್‌ಗಳ ಫೈನಲ್ ಮುಗಿದಿರುತ್ತದೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ (ಫೂಟಿಯ) ಎಎಫ್‌ಎಲ್‌ನವರು ‘ಸ್ಟೇಡಿಯಂಗೆ ಬಂದ ಜನರನ್ನು ಎಣಿಸಿ’ ಎನ್ನುತ್ತಾರೆ, ರಗ್ಬಿ ಲೀಗಿನ ಎನ್‌ಆರ್‌ಎಲ್‌ನವರು ‘ಟಿವಿ ಮುಂದೆ ಕೂತವರನ್ನು ಎಣಿಸಿ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವುದಿಲ್ಲ, ತಮಗೆ ಬೇಕಾದ ಕಾಲಂ ಮಾತ್ರ ತೋರಿಸುತ್ತಾರೆ. ಕ್ಲಬ್‌ಗಳ ವಾರ್ಷಿಕ ವರದಿಗಳನ್ನು ಪ್ರೇಕ್ಷಕರ ಸಂಖ್ಯೆಯ ಪಕ್ಕದಲ್ಲಿಟ್ಟು ಓದುವ ನನಗೆ ಈ ಪೈಪೋಟಿಯಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ಲೀಗ್ ಕೊಟ್ಟ ಹಣ, ಜೂಜಿನ ಯಂತ್ರದ ಹಣ, ಸರ್ಕಾರದ ಹಣ ತೆಗೆದರೆ ಒಂದು ಕ್ಲಬ್ಬಿನ ಕೈಯಲ್ಲಿ ಅದರ ಅಭಿಮಾನಿಗಳೇ ಕೊಟ್ಟದ್ದು ಎಷ್ಟು ಉಳಿಯುತ್ತದೆ?

ಮೊದಲು ಭೂಗೋಳ. ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾ ಎಎಫ್‌ಎಲ್ ಸೀಮೆ. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ರಗ್ಬಿ ಲೀಗಿನ ಸೀಮೆ. ನಡುವಿನ ಗಡಿಗೆ ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ ಫೂಟಿ ಆಟಗಾರ ರಾನ್ ಬರಾಸಿಯ ಹೆಸರಿನಲ್ಲಿ ‘ಬರಾಸಿ ಗೆರೆ’ ಎಂದು ಹೆಸರಿಟ್ಟರು. ಎರಡೂ ಕಡೆಯವರು ಈ ಗೆರೆ ದಾಟಲು ದಶಕಗಳಿಂದ ಹಣ ಸುರಿಯುತ್ತಿದ್ದಾರೆ. ಫೂಟಿ ಕ್ಲಬ್ ಸೌತ್ ಮೆಲ್ಬರ್ನ್ 1982ರಲ್ಲಿ ಸಿಡ್ನಿಗೆ ಹೋಗಿ ಸಿಡ್ನಿ ಸ್ವಾನ್ಸ್ ಆಯಿತು. ಅತ್ತ ಮೆಲ್ಬರ್ನ್ ಸ್ಟಾರ್ಮ್ 1998ರಲ್ಲಿ ಕಣಕ್ಕಿಳಿದು ಮರುವರ್ಷವೇ ಎನ್‌ಆರ್‌ಎಲ್ ಗೆದ್ದಿತು. ಬೆಂಗಳೂರಿನಿಂದ ಹೋಗಿ ಮೆಲ್ಬರ್ನ್‌ನಲ್ಲಿ ನೆಲೆಸಿದವರಿಗೆ ಆಫೀಸಿನಲ್ಲಿ ಮೊದಲ ವಾರವೇ ‘ನಿಮ್ಮ ಟೀಮ್ ಯಾವುದು’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ‘ಸ್ಟಾರ್ಮ್’ ಎಂದರೆ ‘ಸರಿ, ಫೂಟಿಯಲ್ಲಿ ಯಾವುದು?’ ಎಂದು ಮತ್ತೆ ಕೇಳುವವರೇ ಹೆಚ್ಚು.

ಜನರ ಲೆಕ್ಕ ಸುಲಭ ಅನ್ನಿಸುತ್ತದೆ, ಆದರೆ ಎಡವುವುದು ಇಲ್ಲೇ. 2023ರಿಂದ ಎಎಫ್‌ಎಲ್‌ನ 18 ತಂಡಗಳಿಗೆ ತಲಾ 23 ಪಂದ್ಯ, ಅಂದರೆ ಲೀಗ್ ಹಂತದಲ್ಲಿ 207. ಎನ್‌ಆರ್‌ಎಲ್‌ನ 17 ತಂಡಗಳಿಗೆ ತಲಾ 24, ಅಂದರೆ 204. ಪಂದ್ಯಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸರಾಸರಿಗಳನ್ನು ನೇರವಾಗಿ ಹೋಲಿಸಬಹುದು: ಎಎಫ್‌ಎಲ್ ಮೂವತ್ತಾರು ಸಾವಿರದ ಆಚೆ, ಎನ್‌ಆರ್‌ಎಲ್ ಇಪ್ಪತ್ತು ಸಾವಿರದ ಆಸುಪಾಸು. ಇಷ್ಟಕ್ಕೇ ನಿಲ್ಲಿಸಿದರೆ ಎನ್‌ಆರ್‌ಎಲ್‌ಗೆ ಅನ್ಯಾಯವಾಗುತ್ತದೆ. ಸಿಡ್ನಿಯ ಲೈಕಾರ್ಟ್ ಓವಲ್‌ನಂಥ ಹಳೆಯ ಬಡಾವಣೆ ಮೈದಾನಕ್ಕೆ ಹಿಡಿಸುವುದೇ ಸುಮಾರು 20 ಸಾವಿರ ಜನ. ಮೆಲ್ಬರ್ನ್‌ನ ಎಂಸಿಜಿಗೆ ಲಕ್ಷ. ಹಾಗಾಗಿ ಸರಾಸರಿಯ ಪಕ್ಕದಲ್ಲೇ ‘ಎಷ್ಟು ಪಾಲು ತುಂಬಿತು’ ಎಂಬ ಇನ್ನೊಂದು ಕಾಲಂ ಇರಲೇಬೇಕು. ಹದಿನೈದು ಸಾವಿರ ಜನ ಲೈಕಾರ್ಟ್‌ನಲ್ಲಿ ಜಾತ್ರೆ, 80 ಸಾವಿರ ಹಿಡಿಸುವ ಒಲಿಂಪಿಕ್ ಸ್ಟೇಡಿಯಂನಲ್ಲಿ ಬಣಬಣ.

ಕಾಲಂ ತುಂಬುವ ಮೊದಲು ನಾನು ಮೂರು ಬಗೆಯ ಪಂದ್ಯಗಳನ್ನು ಪಕ್ಕಕ್ಕೆ ಇಡುತ್ತೇನೆ. ಒಂದು, ಫೈನಲ್ಸ್ ಸುತ್ತು. ಅದು ಲೀಗಿನ ಆದಾಯ, ಕ್ಲಬ್ಬಿನ ತವರು ಗಳಿಕೆಯಲ್ಲ. ಎರಡು, ಬ್ರಿಸ್ಬೇನ್‌ನಲ್ಲಿ ಎನ್‌ಆರ್‌ಎಲ್‌ನ ಮ್ಯಾಜಿಕ್ ರೌಂಡ್ ಮತ್ತು ಅಡಿಲೇಡ್‌ನಲ್ಲಿ ಎಎಫ್‌ಎಲ್‌ನ ಗ್ಯಾದರ್ ರೌಂಡ್. ಇಡೀ ಸುತ್ತು ಒಂದೇ ಊರು, ಅದರ ಸುತ್ತಮುತ್ತ ನಡೆಯುತ್ತದೆ, ರಾಜ್ಯ ಸರ್ಕಾರ ಹಣ ಕೊಟ್ಟು ಕರೆಸಿಕೊಂಡದ್ದು. ಮ್ಯಾಜಿಕ್ ರೌಂಡ್‌ನಲ್ಲಿ ಒಂದು ದಿನದ ಟಿಕೆಟ್ ಹಿಡಿದವನು ಆ ದಿನದ ಎಲ್ಲ ಪಂದ್ಯಗಳ ಜನರಲ್ಲೂ ಸೇರಿಬಿಡುತ್ತಾನೆ. ಮೂರು, ಹೊರಗೆ ಮಾರಿದ ತವರು ಪಂದ್ಯಗಳು. ಮೆಲ್ಬರ್ನ್‌ನ ಕ್ಲಬ್‌ಗಳಾದ ಹಾಥಾರ್ನ್ ಟಾಸ್ಮೇನಿಯಾದ ಲಾನ್ಸೆಸ್ಟನ್‌ನಲ್ಲಿ, ನಾರ್ತ್ ಮೆಲ್ಬರ್ನ್ ಅಲ್ಲಿಯದೇ ಹೋಬಾರ್ಟ್‌ನಲ್ಲಿ ಆಡಿದ್ದು ಈ ಬಗೆಯದು. ಜನ ಕಡಿಮೆ ಬಂದರೂ ಸರ್ಕಾರದ ಪ್ರಾಯೋಜಕತ್ವದಿಂದ ಕ್ಲಬ್ಬಿಗೆ ಲಾಭ. ಬಂದ ಜನರ ಸಂಖ್ಯೆಗೂ ಹಣಕ್ಕೂ ಸಂಬಂಧವೇ ಇಲ್ಲದ ಪಂದ್ಯಗಳಿವು.

ಮೆಂಬರ್‌ಶಿಪ್ ಸಂಖ್ಯೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಎಫ್‌ಎಲ್‌ನ ರಿಚ್ಮಂಡ್ 2018ರಲ್ಲಿ ಲಕ್ಷ ಸದಸ್ಯರನ್ನು ದಾಟಿತು, ಕಾಲಿಂಗ್‌ವುಡ್ ಕೂಡ ಆಮೇಲೆ ದಾಟಿತು. ಆದರೆ ಇಡೀ ಋತುವಿನ ಕಾಯ್ದಿರಿಸಿದ ಸೀಟೂ ಒಂದು ಮೆಂಬರ್‌ಶಿಪ್, ಮೂರು ಪಂದ್ಯದ ಪಾಸೂ ಒಂದು ಮೆಂಬರ್‌ಶಿಪ್. ನಾಯಿ ಬೆಕ್ಕಿನ ಹೆಸರಿನಲ್ಲೂ ಕಾರ್ಡ್ ಮಾರುವ ಕ್ಲಬ್‌ಗಳಿವೆ! ತಲೆ ಎಣಿಸುವ ಬದಲು ಮೆಂಬರ್‌ಶಿಪ್ ಆದಾಯವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ. ಬರುವ ಡಾಲರ್ ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಕ್ಲಬ್ ಅಗ್ಗದ ಕಾರ್ಡ್ ಹಂಚಿ ಸಂಖ್ಯೆ ಹಿಗ್ಗಿಸುತ್ತಿದೆ ಎಂದೇ ಅರ್ಥ.

ಟಿವಿ ಲೆಕ್ಕದಲ್ಲಿ ಗಮನಿಸಬೇಕಾದದ್ದು ಎರಡು. ‘ರೀಚ್’ ಎಂದರೆ ಒಂದು ನಿಮಿಷ ಇಣುಕಿದವನೂ ಸೇರಿದ ಸಂಖ್ಯೆ, ‘ಸರಾಸರಿ’ ಎಂದರೆ ಯಾವುದೇ ಒಂದು ನಿಮಿಷದಲ್ಲಿ ಸರಾಸರಿ ಎಷ್ಟು ಜನ ನೋಡುತ್ತಿದ್ದರು ಎಂಬ ಸಂಖ್ಯೆ. ಒಬ್ಬರ ರೀಚನ್ನು ಇನ್ನೊಬ್ಬರ ಸರಾಸರಿಯ ಪಕ್ಕ ಇಡುವುದು ಪತ್ರಿಕಾ ಪ್ರಕಟಣೆಗಳ ಹಳೆಯ ಚಾಳಿ. ಎರಡನೆಯದು ಅವಧಿ. ರಗ್ಬಿ ಲೀಗ್ 80 ನಿಮಿಷದ ಆಟ. ಎಎಫ್‌ಎಲ್‌ನದು 20 ನಿಮಿಷದ ನಾಲ್ಕು ಕ್ವಾರ್ಟರ್, ಗಡಿಯಾರ ನಿಂತ ಹೊತ್ತು ಸೇರಿದರೆ ಸುಮಾರು ಎರಡು ಗಂಟೆ. ಪ್ರತಿ ಗೋಲಿನ ನಂತರ ಜಾಹೀರಾತಿಗೆ ಜಾಗವೂ ಸಿಗುತ್ತದೆ. ಸರಾಸರಿಯನ್ನು ಅವಧಿಯಿಂದ ಗುಣಿಸಿ ‘ವೀಕ್ಷಣೆಯ ಗಂಟೆ’ ಮಾಡಿಕೊಂಡರೆ, ಟಿವಿ ಸಂಖ್ಯೆಯಲ್ಲಿ ಎನ್‌ಆರ್‌ಎಲ್ ಸಮಬಲ ಎನ್ನುವಾಗಲೂ ಹಕ್ಕಿನ ಬೆಲೆಯಲ್ಲಿ ಎಎಫ್‌ಎಲ್ ಮುಂದಿರುವುದೇಕೆ ಎಂದು ಗೊತ್ತಾಗುತ್ತದೆ. ಎಎಫ್‌ಎಲ್ 2022ರಲ್ಲಿ ಮಾಡಿಕೊಂಡ ಒಪ್ಪಂದ 2025ರಿಂದ 2031ರವರೆಗೆ ಏಳು ವರ್ಷಕ್ಕೆ 450 ಕೋಟಿ ಆಸ್ಟ್ರೇಲಿಯನ್ ಡಾಲರ್, ವರ್ಷಕ್ಕೆ ಸುಮಾರು 64 ಕೋಟಿ. ಎನ್‌ಆರ್‌ಎಲ್‌ನ 2023–27ರ ಒಪ್ಪಂದ ವರ್ಷಕ್ಕೆ 40 ಕೋಟಿಯ ಆಸುಪಾಸು.

ಇನ್ನು ವಾರ್ಷಿಕ ವರದಿ. ಹೊತ್ತು ಹೋಗುವುದು ಇದರಲ್ಲೇ.

ವರದಿ ಎಲ್ಲಿ ಸಿಗುತ್ತದೆ ಎಂಬುದು ಮಾಲೀಕತ್ವದ ಮೇಲೆ ನಿಂತಿದೆ. ಹೆಚ್ಚಿನ ಎಎಫ್‌ಎಲ್ ಕ್ಲಬ್‌ಗಳು ಷೇರುದಾರರಿಲ್ಲದ, ಸದಸ್ಯರ ಕಂಪನಿಗಳು. ವರದಿ ಕ್ಲಬ್ಬಿನ ತಾಣದಲ್ಲೇ ಇರುತ್ತದೆ, ಇಲ್ಲದಿದ್ದರೆ ಕಂಪನಿ ನಿಯಂತ್ರಕ ಆಸಿಕ್‌ನಿಂದ ಶುಲ್ಕ ಕಟ್ಟಿ ಪಡೆಯಬಹುದು. ಎನ್‌ಆರ್‌ಎಲ್‌ನಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಷೇರುಪೇಟೆಯಲ್ಲಿರುವ ಕಂಪನಿ, ಆರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತದೆ. ಕಲಿಯುವವರು ಅಲ್ಲಿಂದಲೇ ಶುರುಮಾಡಲಿ, ಅದರಷ್ಟು ತಿಳಿಯಾದ ಲೆಕ್ಕ ಬೇರೆ ಇಲ್ಲ. ಖಾಸಗಿ ಮಾಲೀಕರ ಕ್ಲಬ್‌ಗಳು ಸಣ್ಣ ಕಂಪನಿಯ ಮಿತಿಯೊಳಗಿದ್ದರೆ ಲೆಕ್ಕ ಸಲ್ಲಿಸಬೇಕಾಗಿಯೇ ಇಲ್ಲ. ಸಾಕರ್‌ನ ಎ-ಲೀಗ್ ಕ್ಲಬ್‌ಗಳ ಬಗ್ಗೆ ವದಂತಿ ಹೆಚ್ಚು, ದಾಖಲೆ ಕಡಿಮೆ ಇರುವುದು ಇದಕ್ಕೇ. ವರ್ಷದ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ: ಹೆಚ್ಚಿನ ಎಎಫ್‌ಎಲ್ ಕ್ಲಬ್‌ಗಳಿಗೆ ಅಕ್ಟೋಬರ್ 31, ಬ್ರಾಂಕೋಸ್‌ಗೆ ಡಿಸೆಂಬರ್ 31.

ಕ್ರಮ ತೋರಿಸಲು ಒಂದು ಕಲ್ಪಿತ ಕ್ಲಬ್ ತೆಗೆದುಕೊಳ್ಳೋಣ. ಒಟ್ಟು ಆದಾಯ 6 ಕೋಟಿ ಡಾಲರ್, ಘೋಷಿಸಿದ ಲಾಭ 30 ಲಕ್ಷ. ಟಿಪ್ಪಣಿಗಳನ್ನು ಬಿಡಿಸಿದರೆ: ಲೀಗಿನ ಹಂಚಿಕೆ 170 ಲಕ್ಷ, ಪೋಕಿ ಎಂದು ಕರೆಯುವ ಜೂಜಿನ ಯಂತ್ರಗಳು 80 ಲಕ್ಷ, ಕಟ್ಟಡದ ಅನುದಾನ 60 ಲಕ್ಷ, ಹೊರಗೆ ಮಾರಿದ ಪಂದ್ಯಗಳು 40 ಲಕ್ಷ, ನಗದಲ್ಲದ ಪ್ರಾಯೋಜಕತ್ವ 20 ಲಕ್ಷ. ಕೊನೆಯದೆಂದರೆ ಕಾರು ಕಂಪನಿ ಕೊಟ್ಟ ಕಾರು, ವಿಮಾನ ಕಂಪನಿ ಕೊಟ್ಟ ಟಿಕೆಟ್. ಇವುಗಳನ್ನು ಆದಾಯಕ್ಕೂ ಬರೆಯುತ್ತಾರೆ, ಖರ್ಚಿಗೂ ಬರೆಯುತ್ತಾರೆ. ಎಲ್ಲ ಸೇರಿ 370 ಲಕ್ಷ ಹೋಯಿತು. ಉಳಿದ 230 ಲಕ್ಷದಲ್ಲಿ ಮೆಂಬರ್‌ಶಿಪ್ ಮತ್ತು ಗೇಟಿನ ಟಿಕೆಟ್ 120, ಪ್ರಾಯೋಜಕರ ನಗದು 80, ಜೆರ್ಸಿ ಟೋಪಿಗಳ ಮಾರಾಟ 30. ಆರು ಕೋಟಿಯ ಕ್ಲಬ್ಬಿನ ಸ್ವಂತ ದುಡಿಮೆ ಇಷ್ಟೇ.

ಈಗ ಲಾಭ. ತರಬೇತಿ ಕೇಂದ್ರ ಕಟ್ಟಲು ಬಂದ ಸರ್ಕಾರಿ ಅನುದಾನವನ್ನು ಲಾಭಕ್ಕಾಗಿ ಅಲ್ಲದ ಸಂಸ್ಥೆಗಳು ಕಟ್ಟಡ ಏಳುತ್ತಾ ಹೋದಂತೆ ಆದಾಯವೆಂದು ತೋರಿಸುತ್ತವೆ. ಕಟ್ಟಡದ ಖರ್ಚು ಮಾತ್ರ ಆಸ್ತಿಯ ಕಡೆ ಹೋಗುತ್ತದೆ, ಲಾಭನಷ್ಟದಲ್ಲಿ ಕಾಣುವುದಿಲ್ಲ. ಆ 60 ಲಕ್ಷ ತೆಗೆದರೆ 30 ಲಕ್ಷದ ಲಾಭ 30 ಲಕ್ಷದ ನಷ್ಟವಾಗುತ್ತದೆ. ನಗದು ಹೊರಹೋಗದ ಖರ್ಚಾದ ಸವಕಳಿ 20 ಲಕ್ಷ ವಾಪಸ್ ಸೇರಿಸಿದರೆ ನಗದಿನ ಕೊರತೆ 10 ಲಕ್ಷದಷ್ಟು. ‘ದಾಖಲೆಯ ಲಾಭ’ ಎಂಬ ಸುದ್ದಿ ಬಂದ ವರ್ಷ ಕ್ಲಬ್ಬಿನ ಅಂಗಳದಲ್ಲಿ ಕ್ರೇನ್ ನಿಂತಿತ್ತೇ ಎಂದು ನೋಡುವುದು ಒಳ್ಳೆಯದು. ನಂತರದ ವರ್ಷಗಳಲ್ಲಿ ಅದೇ ಕಟ್ಟಡದ ಸವಕಳಿ ಒಳ್ಳೆಯ ಕ್ಲಬ್ಬನ್ನೂ ನಷ್ಟದಲ್ಲಿ ತೋರಿಸುತ್ತದೆ. ಆಗ ಗಾಬರಿ ಬೇಡ.

ಪೋಕಿಯ 80 ಲಕ್ಷವನ್ನೂ ಹಾಗೇ ನಂಬಬೇಡಿ, ಅದು ಒಟ್ಟು ಮೊತ್ತ. ಸಿಬ್ಬಂದಿ, ಬಾಡಿಗೆ, ತೆರಿಗೆ, ಯಂತ್ರದ ಪರವಾನಗಿಯ ಕಂತು ಕಳೆದರೆ ಉಳಿಯುವುದು ಬಹಳ ಕಡಿಮೆ ಇರಬಹುದು. ನಾರ್ತ್ ಮೆಲ್ಬರ್ನ್, ಆಮೇಲೆ ಜಿಲಾಂಗ್, ಕಾಲಿಂಗ್‌ವುಡ್, ಹಾಥಾರ್ನ್ ಈ ವ್ಯವಹಾರದಿಂದ ಹೊರಬಂದಾಗ ಒಟ್ಟು ಆದಾಯ ಕುಸಿದಂತೆ ಕಂಡಿತು, ಕುಸಿದದ್ದು ಅಭಿಮಾನಿಗಳ ಬೆಂಬಲವಲ್ಲ.

ಎನ್‌ಆರ್‌ಎಲ್‌ನಲ್ಲಿ ಇದೇ ಹಣ ಇನ್ನೊಂದು ಬಾಗಿಲಿನಿಂದ ಬರುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕ್ಲಬ್‌ಗಳಿಗೆ ಪೋಕಿ ಯಂತ್ರ ಇಡಲು 1956ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿತು. ಊಟ, ಬಿಯರು, ಯಂತ್ರಗಳಿರುವ ‘ಲೀಗ್ಸ್ ಕ್ಲಬ್’ ಒಂದು ಸಂಸ್ಥೆ, ತಂಡ ನಡೆಸುವ ಫುಟ್‌ಬಾಲ್ ಕ್ಲಬ್ ಇನ್ನೊಂದು. ಮೊದಲನೆಯದು ಎರಡನೆಯದರ ನಷ್ಟ ತುಂಬಿಕೊಡುತ್ತದೆ. ಫುಟ್‌ಬಾಲ್ ಕ್ಲಬ್ಬಿನ ಪುಸ್ತಕದಲ್ಲಿ ಅದು ‘ಅನುದಾನ’ ಅಥವಾ ‘ಪ್ರಾಯೋಜಕತ್ವ’ ಎಂಬ ಸಭ್ಯ ಹೆಸರಿನಲ್ಲಿ ಕೂತಿರುತ್ತದೆ. ಲೀಗ್ಸ್ ಕ್ಲಬ್ಬಿನ ವರದಿಯಲ್ಲಿ ಸಂಬಂಧಿತ ಸಂಸ್ಥೆಗಳ ವ್ಯವಹಾರದ ಟಿಪ್ಪಣಿ ತೆಗೆದರೆ ಎರಡೂ ತುದಿ ಕೂಡುತ್ತವೆ. ಬೇರೆ ಯಾವ ಪುಟ ಬಿಟ್ಟರೂ ಈ ಪುಟ ಬಿಡಬೇಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಯಾಸಿನೊ ಬಿಟ್ಟರೆ ಬೇರೆಲ್ಲೂ ಪೋಕಿ ಇಲ್ಲ, ಹಾಗಾಗಿ ಪರ್ತ್‌ನ ಕ್ಲಬ್‌ಗಳನ್ನು ಸಿಡ್ನಿಯವರ ಜೊತೆ ಹೋಲಿಸುವಾಗ ಈ ಸಾಲು ಎರಡೂ ಕಡೆಯಿಂದ ತೆಗೆಯಲೇಬೇಕು.

ಮುಂದಿನ ವರ್ಷದ ಸುಳಿವು ಬೇಕಿದ್ದರೆ ಆಸ್ತಿ-ಹೊಣೆ ಪಟ್ಟಿಯಲ್ಲಿ ‘ಮುಂಗಡವಾಗಿ ಬಂದ ಆದಾಯ’ ಎಂಬ ಸಾಲು ನೋಡಿ. ಎಎಫ್‌ಎಲ್ ಕ್ಲಬ್‌ಗಳು ಮುಂದಿನ ಋತುವಿನ ಮೆಂಬರ್‌ಶಿಪ್ ಮಾರಲು ಅಕ್ಟೋಬರ್‌ನಲ್ಲೇ ಶುರುಮಾಡುತ್ತವೆ, ಲೆಕ್ಕ ಮುಗಿಯುವುದೂ ಆ ತಿಂಗಳ ಕೊನೆಗೆ. ತಂಡ ಸೋತ ವರ್ಷ ಗೇಟಿನಲ್ಲಿ ಪೆಟ್ಟು ತಕ್ಷಣ ಕಾಣುತ್ತದೆ. ಮೆಂಬರ್‌ಶಿಪ್ ಹಣ ಆಗಲೇ ಕೈಸೇರಿರುವುದರಿಂದ ನಿಜವಾದ ಪೆಟ್ಟು ಒಂದು ವರ್ಷ ತಡವಾಗಿ ಬೀಳುತ್ತದೆ. ಆ ಸಾಲು ಇಳಿದಿದ್ದರೆ ಬೋರ್ಡಿನಲ್ಲಿ ಗದ್ದಲ ಏಳುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಯಾರು ಯಾವುದರ ಮೇಲೆ ನಿಂತಿದ್ದಾರೆ ಎಂಬುದಕ್ಕೆ 2020ಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಕೋವಿಡ್‌ನಿಂದ ಮಾರ್ಚ್‌ನಲ್ಲಿ ಎರಡೂ ಲೀಗ್ ನಿಂತವು. ಟಿವಿ ಹಣವೇ ಉಸಿರಾದ ಎನ್‌ಆರ್‌ಎಲ್ ಖಾಲಿ ಸ್ಟೇಡಿಯಂನಲ್ಲಾದರೂ ಸರಿ ಎಂದು ಮೇ 28ಕ್ಕೇ ಆಟ ಶುರುಮಾಡಿತು. ಎಎಫ್‌ಎಲ್ ಎರಡು ವಾರ ತಡವಾಗಿ, ಜೂನ್ 11ಕ್ಕೆ ಬಂತು. ಗೇಟು, ಸದಸ್ಯತ್ವ ನಂಬಿದ ಕ್ಲಬ್‌ಗಳನ್ನು ಉಳಿಸಲು ಎಎಫ್‌ಎಲ್ 2016ರಲ್ಲಿ ಕೊಂಡಿದ್ದ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಸ್ಟೇಡಿಯಂ ಅಡವಿಟ್ಟು ಬ್ಯಾಂಕುಗಳಿಂದ ದೊಡ್ಡ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಆ ಸ್ಟೇಡಿಯಂ ಖಾಸಗಿಯವರ ಕೈಯಲ್ಲಿದ್ದ ಕಾಲದಲ್ಲಿ ಸಣ್ಣ ಕ್ಲಬ್‌ಗಳು ಪಂದ್ಯ ಗೆದ್ದೂ ಬಾಡಿಗೆಗೆ ಕೈಯಿಂದ ಹಣ ಹಾಕಿದ್ದುಂಟು. ಬಿಕ್ಕಟ್ಟಿನಲ್ಲಿ ಅದೇ ಆಸ್ತಿ ಕಾಪಾಡಿತು.

ದೊಡ್ಡ ಎರಡರ ನಡುವೆ ಉಳಿದವರಿಗೆ ಜಾಗ ಕಡಿಮೆ. ರಗ್ಬಿಯ ಇನ್ನೊಂದು ರೂಪವಾದ ರಗ್ಬಿ ಯೂನಿಯನ್‌ನ ಮೆಲ್ಬರ್ನ್ ರೆಬೆಲ್ಸ್ 2024ರ ಜನವರಿಯಲ್ಲಿ ದಿವಾಳಿ ಆಡಳಿತಾಧಿಕಾರಿಗಳ ಕೈಗೆ ಹೋಗಿ ಆ ಋತುವಿನೊಂದಿಗೆ ಮುಗಿಯಿತು. ಎ-ಲೀಗ್ 2022ರ ಡಿಸೆಂಬರ್‌ನಲ್ಲಿ ಮೂರು ವರ್ಷದ ಗ್ರ್ಯಾಂಡ್ ಫೈನಲ್‌ಗಳನ್ನು ಸಿಡ್ನಿಗೆ ಮಾರಿತು. ಅಭಿಮಾನಿಗಳು ತಿರುಗಿಬಿದ್ದರು, ಮರುವರ್ಷ ನಿರ್ಧಾರ ಹಿಂದಕ್ಕೆ ಹೋಯಿತು. ಎಂಸಿಜಿಗೆ 2059ರವರೆಗೆ ಫೈನಲ್ ಬರೆದುಕೊಟ್ಟ ಎಎಫ್‌ಎಲ್‌ಗೆ ಅಂಥ ಬಿಸಿ ತಟ್ಟಲಿಲ್ಲ, ಕೋವಿಡ್ ವರ್ಷಗಳನ್ನು ಬಿಟ್ಟರೆ ಲಕ್ಷ ಸೀಟು ಅಲ್ಲಿ ಪ್ರತಿ ವರ್ಷ ತುಂಬುತ್ತದೆ. ಹಣಕ್ಕೆ ಫೈನಲ್ ಮಾರುವ ಮೊದಲು ಟಿಕೆಟ್ ಕೊಳ್ಳುವ ಜನ ಯಾವ ಊರಲ್ಲಿದ್ದಾರೆ ಎಂದು ಎ-ಲೀಗ್ ನೋಡಬೇಕಿತ್ತು.

ಮುಂದೆ ಪರ್ತ್ ಬೇರ್ಸ್ 2027ಕ್ಕೆ, ಪಪುವಾ ನ್ಯೂಗಿನಿಯ ತಂಡ 2028ಕ್ಕೆ ಎನ್‌ಆರ್‌ಎಲ್ ಸೇರಲಿವೆ. ಎಎಫ್‌ಎಲ್‌ಗೆ 19ನೆಯದಾಗಿ ಟಾಸ್ಮೇನಿಯಾ, ಅದರ ಲೈಸೆನ್ಸಿಗೆ ಹೋಬಾರ್ಟ್‌ನಲ್ಲಿ 23 ಸಾವಿರ ಸೀಟಿನ ಛಾವಣಿ ಇರುವ ಸ್ಟೇಡಿಯಂ ಷರತ್ತು. ಪಪುವಾ ತಂಡ ಮತ್ತು ಪೆಸಿಫಿಕ್ ದ್ವೀಪಗಳ ರಗ್ಬಿ ಲೀಗಿಗೆ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ 60 ಕೋಟಿ ಡಾಲರ್ ಘೋಷಿಸಿದೆ. ಈ ತಂಡಗಳ ಮೊದಲ ವರದಿ ಕೈಗೆ ಬಂದ ದಿನವೇ ಸರ್ಕಾರದ ಹಣಕ್ಕೆ ಬೇರೆ ಕಾಲಂ ಹಾಕಿಡಿ. ಒಮ್ಮೆ ಒಟ್ಟು ಆದಾಯದೊಳಗೆ ಬೆರೆತರೆ ಐದು ವರ್ಷ ಬಿಟ್ಟು ಅದನ್ನು ಬಿಡಿಸಲು ಕೂತರೆ ಹಳೆಯ ಟಿಪ್ಪಣಿಗಳೂ ಸಾಲುವುದಿಲ್ಲ.