ಎಡಬದಿಯ ಸೀಟು: ಒಂದು ಫಿಯಟ್ 1100 ಮತ್ತು ಉಸ್ತಾದರ ನೆನಪುಗಳು

2011ರ ಡಿಸೆಂಬರಿನಲ್ಲಿ ಗದಗ-ಬೆಟಗೇರಿಯ ಹಳೆಯ ಅರಳೆ ಜಿನ್ನಿನ ಶೆಡ್ಡೊಂದರಲ್ಲಿ, ಖಾಲಿ ಚೀಲಗಳ ರಾಶಿಯ ಹಿಂದೆ, ನಾನು ಹುಡುಕುತ್ತಿದ್ದ ಕಾರು ನಿಂತಿತ್ತು. ಅದು ಫಿಯಟ್ 1100. ಇಟಲಿಯಲ್ಲಿ 1953ರಲ್ಲಿ ಹೊರಬಂದು, ಮರುವರ್ಷದಿಂದ ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ಜೋಡಣೆಯಾದ ಮಾದರಿ. ಅದರ ದುಂಡು ಮೈಯನ್ನು ನೋಡಿ ಮುಂಬೈ ಕಡೆಯವರು ಇದಕ್ಕೆ ಡುಕ್ಕರ್ (ಹಂದಿ) ಫಿಯಟ್ ಎಂದು ಹೆಸರಿಟ್ಟರು, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿಯೂ ಹಳಬರು ಹಾಗೆಯೇ ಕರೆಯುತ್ತಾರೆ. ಇದರ ಮುಂದಿನ ಎರಡು ಬಾಗಿಲುಗಳ ಕೀಲು ನಡುವಿನ ಕಂಬಕ್ಕಿರುವುದರಿಂದ ಅವು ಹಿಮ್ಮುಖವಾಗಿ ತೆರೆಯುತ್ತವೆ.

ಕಾರು ಗದಗಿನ ಒಬ್ಬ ವೈದ್ಯರದ್ದು. ಅವರು ತೀರಿಕೊಂಡ ಮೇಲೆ ಮನೆಯವರು ಮಾರಲು ಮನಸ್ಸಿಲ್ಲದೆ ಶೆಡ್ಡಿನಲ್ಲಿ ಇಟ್ಟಿದ್ದರು. ಅದರ ನೋಂದಣಿ ಪುಸ್ತಕವನ್ನು ಕೈಗೆ ತೆಗೆದುಕೊಂಡಾಗಲೇ ನನಗೆ ಕಾರಿನ ಮೇಲೆ ಗೌರವ ಹುಟ್ಟಿತು. 1956ರ ಮಾರ್ಚಿನಲ್ಲಿ ನೋಂದಣಿಯಾದಾಗ ಗದಗ ಸೇರಿದ್ದ ಧಾರವಾಡ ಜಿಲ್ಲೆಯು ಮುಂಬೈ ರಾಜ್ಯದಲ್ಲಿತ್ತು, ಆದ್ದರಿಂದ ಮೊದಲ ಮುದ್ರೆ ಮುಂಬೈ ರಾಜ್ಯದ್ದು. ಅದೇ ವರ್ಷದ ನವೆಂಬರ್ 1ರ ನಂತರದ ಪುಟಗಳಲ್ಲಿ ಮೈಸೂರು ರಾಜ್ಯದ ಮುದ್ರೆಗಳಿವೆ, 1973ರ ನಂತರದವುಗಳಲ್ಲಿ ಕರ್ನಾಟಕದ್ದು. ನಿಂತ ಮನೆಯ ಮುಂದಿನಿಂದ ಕದಲದೆಯೇ ಈ ಕಾರು ಮೂರು ರಾಜ್ಯಗಳ ಹೆಸರನ್ನು ಕಂಡಿತ್ತು.

ಅದನ್ನು ಹಗ್ಗ ಕಟ್ಟಿ ಎಳೆಯದೆ, ಟೆಂಪೋದಲ್ಲಿ ಏರಿಸಿಕೊಂಡು ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ ತಂದೆ. ಬಹಳ ವರ್ಷ ನಿಂತ ಗಾಡಿಯ ಚಕ್ರಗಳ ಬೇರಿಂಗಿನಲ್ಲಿ ಗ್ರೀಸು ಒಣಗಿ ಕಲ್ಲಾಗಿರುತ್ತದೆ, ಹಾಗೆಯೇ ಎಳೆದರೆ ಬೇರಿಂಗೂ ಹೋಗುತ್ತದೆ, ಅದು ಕೂರುವ ಜಾಗವೂ ಕೆಡುತ್ತದೆ. ಈ ಮಾತನ್ನು ನನಗೆ ಹೇಳಿದವರು ಕಾರವಾರ ರಸ್ತೆಯ ಕಡೆ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದ ಮಿಸ್ತ್ರಿಯವರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹನ್ನೆರಡನೆಯ ವಯಸ್ಸಿಗೆ ಗ್ಯಾರೇಜು ಸೇರಿದ ಅವರಿಗೆ ಆಗ ಎಪ್ಪತ್ತರ ಸಮೀಪ. ನಾನು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತಾರು ವರ್ಷ ಯಂತ್ರಶಾಸ್ತ್ರ ಕಲಿಸಿದವನು, ಆದರೆ ಅವರ ಗ್ಯಾರೇಜಿನಲ್ಲಿ ನಾನು ಸಹಾಯಕನಾಗಿಯೇ ಕೆಲಸ ಮಾಡಿದೆ. ಮೊದಲ ದಿನ ನಾನು ಬಾನೆಟ್ ಎತ್ತಿ ನಟ್ಟಿಗೆ ಕೈ ಹಾಕಿದಾಗ ಅವರು ತಡೆದು, “ಸರ, ಮದಲ ಕಣ್ಣು ಹಚ್ಚರಿ, ಆಮ್ಯಾಲ ಪಾನಾ ಹಚ್ಚರಿ” ಎಂದರು. ಪಾನಾ ಎಂದರೆ ಸ್ಪ್ಯಾನರು. ಎರಡು ದಿನ ನಾವು ಏನನ್ನೂ ಬಿಚ್ಚಲಿಲ್ಲ. ಯಾವ ನಟ್ಟಿನ ಮೂಲೆ ಸವೆದಿದೆ, ಯಾವ ಬೋಲ್ಟು ಕಾರ್ಖಾನೆಯದು, ಯಾವುದು ಆಮೇಲೆ ಬಂದದ್ದು, ಯಾವ ವೈರು ಬೇರೆ ಬಣ್ಣದ್ದು ಎಂಬುದನ್ನೆಲ್ಲ ನೋಡಿ ಬರೆದುಕೊಂಡೆವು. ಹಳೆಯ ಕಾರನ್ನು ಕೈಗೆತ್ತಿಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಎರಡು ದಿನಗಳ ವಿಷಯವನ್ನೇ, ಏಕೆಂದರೆ ಒಮ್ಮೆ ಬಿಚ್ಚಿದ ಮೇಲೆ ಈ ಗುರುತುಗಳು ಮತ್ತೆ ಸಿಗುವುದಿಲ್ಲ.

ಎಂಜಿನ್ನು ತಿರುಗದಂತೆ ಹಿಡಿದುಕೊಂಡಿತ್ತು. ನಾಲ್ಕು ಸಿಲಿಂಡರುಗಳ ಈ ಎಂಜಿನ್ನಿನ ಬೋರು (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡುವ ದೂರ) 75 ಮಿ.ಮೀ., ಒಟ್ಟು 1089 ಸಿ.ಸಿ. ಪ್ಲಗ್ಗುಗಳನ್ನು ತೆಗೆದು, ಸೀಮೆ ಎಣ್ಣೆ ಮತ್ತು ಎಂಜಿನ್ ಆಯಿಲ್ಲನ್ನು ಬೆರೆಸಿ ನಾಲ್ಕೂ ಸಿಲಿಂಡರಿಗೆ ಸುರಿದು, ಹತ್ತು ದಿನ ಹಾಗೆಯೇ ಬಿಟ್ಟೆವು. ದಿನವೂ ಸಂಜೆ ಸ್ವಲ್ಪ ಹೊಸದಾಗಿ ಹಾಕುವುದು, ಕ್ರ್ಯಾಂಕಿನ ಪುಲ್ಲಿಯ ನಟ್ಟಿಗೆ ಪಾನಾ ಕೊಟ್ಟು ಅತ್ತ ಕೂದಲಿನಷ್ಟು, ಇತ್ತ ಕೂದಲಿನಷ್ಟು ಅಲ್ಲಾಡಿಸುವುದು, ಒತ್ತಾಯ ಮಾಡದಿರುವುದು, ಇಷ್ಟೇ ಕೆಲಸ. ಹನ್ನೊಂದನೆಯ ದಿನ ಅದು ತಿರುಗಿತು. ಮೊದಲ ದಿನವೇ ಉದ್ದ ಪೈಪು ಸಿಕ್ಕಿಸಿ ತಿರುಗಿಸಿದ್ದರೆ ರಿಂಗುಗಳು ಮುರಿದು ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತಿತ್ತು. ಹೆಡ್ಡನ್ನು, ಎಂದರೆ ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಬಿಚ್ಚಿ ಅಳೆದಾಗ ಗೋಡೆಯು ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ ಸವೆದಿತ್ತು. ಗೋಕುಲ ರಸ್ತೆಯ ಕಡೆಯ ಲೇತಿನ ಅಂಗಡಿಯಲ್ಲಿ ಬೋರು ಹೊಡೆಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಿಸಿದೆವು.

ಹೆಡ್ಡಿನ ವಿಷಯವನ್ನು ಮಾತ್ರ ನಿಧಾನವಾಗಿ ಹೇಳಬೇಕು. ಸಿಲಿಂಡರುಗಳಿರುವ ಬ್ಲಾಕು ಬೀಡಿನದಾದರೂ (ಎರಕದ ಕಬ್ಬಿಣದ್ದು) ಹೆಡ್ಡು ಅಲ್ಯೂಮಿನಿಯಮ್ಮಿನದು, ನೀರು ಓಡುವ ತೂತುಗಳ ಸುತ್ತ ಅದು ತಿಂದುಹೋಗಿತ್ತು. ವೆಲ್ಡಿಂಗ್ ಮಾಡಿಸಿ ಸಮ ಮಾಡಿಸಬೇಕಿತ್ತು. ಅದನ್ನು ಬೆಂಚಿನ ಮೇಲಿಟ್ಟು ಉಸ್ತಾದರ ಕೈಗೆ ಕೊಟ್ಟೆ. ಅವರು ತಳವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಅದುವರೆಗೆ ಎಂದೂ ಹೇಳದ ಒಂದು ಮಾತನ್ನು ಹೇಳಿದರು: “ಶೋಲಾವರಮ್ಮಿಗೆ ಹೋಗೂ ಗಾಡೀದು ಹೆಡ್ಡು ಹಿಂಗ ತಾಸ್ತಿದ್ವಿರಿ.” ಮದರಾಸಿನ ಸಮೀಪದ ಶೋಲಾವರಂ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. ಯುದ್ಧದ ನಂತರ ಅಲ್ಲಿ ದಶಕಗಳ ಕಾಲ ಮೋಟಾರು ಓಟಗಳು ನಡೆದವು, 1990ರ ಸುಮಾರಿಗೆ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ ಹೊಸ ಓಟದ ದಾರಿ ಸಿದ್ಧವಾಗುವವರೆಗೆ ದಕ್ಷಿಣ ಭಾರತದಲ್ಲಿ ಓಟವೆಂದರೆ ಶೋಲಾವರಮ್ಮೇ. ಉಸ್ತಾದರು ಎಪ್ಪತ್ತರ ದಶಕದ ಮೊದಲಲ್ಲಿ ಒಬ್ಬ ಮಾಲೀಕರ ಫಿಯಟ್ಟಿನೊಂದಿಗೆ ಅಲ್ಲಿಗೆ ಹೋಗಿದ್ದರಂತೆ. ಹೆಡ್ಡಿನ ತಳವನ್ನು ತಾಸಿದರೆ, ಎಂದರೆ ತೆಳುವಾಗಿ ಹೆರೆದರೆ, ಗಾಳಿ-ಪೆಟ್ರೋಲಿನ ಮಿಶ್ರಣ ಇನ್ನಷ್ಟು ಇಕ್ಕಟ್ಟಾದ ಜಾಗದಲ್ಲಿ ಅದುಮಿಕೊಂಡು ಹೆಚ್ಚು ಬಲ ಕೊಡುತ್ತದೆ, ಅತಿಯಾಗಿ ತಾಸಿದರೆ ಎಂಜಿನ್ನು ಬಡಿಯತೊಡಗುತ್ತದೆ. ಎಷ್ಟು ತಾಸಬೇಕೆಂಬುದನ್ನು ಅವರು ಯಾವ ಪುಸ್ತಕದಿಂದಲೂ ತಿಳಿದಿರಲಿಲ್ಲ, ಒಂದೊಂದೇ ಹೆಡ್ಡು ಕೆಡಿಸಿ ಕಲಿತಿದ್ದರು.

ಆ ದಿನ ನನಗೆ ನೆನಪನ್ನು ಕೇಳುವ ರೀತಿ ತಿಳಿಯಿತು. ಅದಕ್ಕಿಂತ ಮೊದಲು ನಾನು ಅವರನ್ನು ಎಷ್ಟೋ ಸಲ “ಆಗಿನ ಓಟಗಳನ್ನು ನೋಡಿದ್ದೀರಾ, ಯಾವ ವರ್ಷ, ಯಾರು ಗೆದ್ದರು” ಎಂದು ಕೇಳಿದ್ದೆ, ಅವರು ತಲೆಯಾಡಿಸಿ ಸುಮ್ಮನಾಗಿದ್ದರು. ಇಸವಿ ಕೇಳಿದರೆ ಬಾರದ ನೆನಪು ಬಿಡಿಭಾಗವನ್ನು ಕೈಗೆ ಕೊಟ್ಟಾಗ ತಾನಾಗಿ ಬರುತ್ತದೆ. ಆಮೇಲೆ ನಾನು ಹುಬ್ಬಳ್ಳಿ, ಧಾರವಾಡ, ಹಾವೇರಿಗಳಲ್ಲಿ ಯಾವ ಹಳೆಯ ಮಿಸ್ತ್ರಿಯನ್ನು ಕಾಣಲು ಹೋದರೂ ಚೀಲದಲ್ಲಿ ಒಂದು ಕಾರ್ಬೊರೇಟರು, ಒಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಒಂದು ಸವೆದ ಕಿಂಗ್ ಪಿನ್ನು ಒಯ್ಯುತ್ತೇನೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಎಡ ಪುಟದಲ್ಲಿ ಬರೆಯುತ್ತೇನೆ, ಅದನ್ನು ಪರೀಕ್ಷಿಸಿ ತಿಳಿದದ್ದನ್ನು ಬಲ ಪುಟದಲ್ಲಿ. ಈ ಪರೀಕ್ಷೆ ಅಗತ್ಯ, ಏಕೆಂದರೆ ಹಳೆಯ ಕಾರಿನ ಸುತ್ತ ಕಥೆಗಳು ಬೇಗ ಬೆಳೆಯುತ್ತವೆ. ನಮ್ಮ ಕಾರೂ ಯೌವನದಲ್ಲಿ ಓಟಕ್ಕೆ ಹೋಗಿತ್ತೆಂದು ಗದಗಿನಲ್ಲಿ ಇಬ್ಬರು ಬಹಳ ನಂಬಿಕೆಯಿಂದ ಹೇಳಿದ್ದರು. ನಾವು ಹೆಡ್ಡಿನ ದಪ್ಪವನ್ನು ಎಂದೂ ಬಿಚ್ಚದ ಇನ್ನೊಂದು ಹೆಡ್ಡಿನೊಂದಿಗೆ ಹೋಲಿಸಿ ಅಳೆದೆವು. ಎರಡೂ ಒಂದೇ. ತಾಸಿದ ಗುರುತೇ ಇರಲಿಲ್ಲ. ಅದು ವೈದ್ಯರ ಕಾರು, ಹಳ್ಳಿಗಳಿಗೆ ಹೋಗಿ ಬರುವುದಷ್ಟೇ ಅದರ ಕೆಲಸವಾಗಿತ್ತು.

ಸಂಜೆ ಕೆಲಸ ಮುಗಿದ ಮೇಲೆ ಚಹಾ ಕುಡಿಯುತ್ತ ನಾನು ಓದಿದ್ದನ್ನು ಉಸ್ತಾದರಿಗೆ ಹೇಳುತ್ತಿದ್ದೆ. 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಓಟ 1178 ಕಿಲೋಮೀಟರಿನದು, ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ ಮರಳಿ ಬಂದಷ್ಟು ದೂರ. ಎಮಿಲ್ ಲೆವಾಸ್ಸೋರ್ ಅದನ್ನು 48 ಗಂಟೆ 48 ನಿಮಿಷಗಳಲ್ಲಿ ಮುಗಿಸಿದ, ಗಂಟೆಗೆ ಸುಮಾರು 24 ಕಿಲೋಮೀಟರಿನಂತೆ. ನಡುದಾರಿಯಲ್ಲಿ ಬದಲಿ ಚಾಲಕ ಕಾಯಬೇಕಿತ್ತು, ಲೆವಾಸ್ಸೋರ್ ಎಣಿಸಿದ್ದಕ್ಕಿಂತ ಬೇಗ ತಲುಪಿದಾಗ ಅವನಿನ್ನೂ ನಿದ್ದೆಯಲ್ಲಿದ್ದ. ಆದ್ದರಿಂದ ತಾನೇ ಮುಂದುವರಿದ. ಅವನ ಗಾಡಿಗೆ ಸ್ಟೇರಿಂಗಿನ ಚಕ್ರವಿರಲಿಲ್ಲ, ದೋಣಿಯ ಚುಕ್ಕಾಣಿಯಂಥ ಹಿಡಿಕೆಯಿತ್ತು. ಇದನ್ನೆಲ್ಲ ಕೇಳಿ ಉಸ್ತಾದರು ಒಂದೇ ಪ್ರಶ್ನೆ ಹಾಕಿದರು: “ಅವನ ಬಾಜೂಕ ಕುಂತಾಂವ ಯಾರ್ರೀ?”

ಆ ಪ್ರಶ್ನೆ ನನ್ನ ಓದನ್ನೇ ತಿರುಗಿಸಿತು. ಆ ಕಾಲದ ಓಟದ ಗಾಡಿಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಎಣ್ಣೆಯ ಪಂಪು ಒತ್ತುವುದು, ಹಿಂದಿನಿಂದ ಬರುವವರನ್ನು ನೋಡುವುದು, ಟೈರು ಬಿರಿಯುತ್ತಿದೆಯೇ ಎಂದು ಬಗ್ಗಿ ನೋಡುವುದು, ಗಾಡಿ ಕೆಟ್ಟರೆ ರಿಪೇರಿ ಮಾಡುವುದು ಎಲ್ಲ ಅವನ ಪಾಲು. ಗೆದ್ದವರ ಪಟ್ಟಿಯಲ್ಲಿ ಚಾಲಕನ ಹೆಸರು ಮಾತ್ರ ಉಳಿಯಿತು. 1906ರ ಜೂನ್ 26 ಮತ್ತು 27ರಂದು ಲೆ ಮಾನ್ಸ್‌ನಲ್ಲಿ ನಡೆದ ಮೊದಲ ಫ್ರೆಂಚ್ ಗ್ರಾಂಪ್ರಿಯಲ್ಲಿ ಗಾಡಿಯನ್ನು ಚಾಲಕ ಮತ್ತು ಪಕ್ಕದ ಮೆಕ್ಯಾನಿಕ್ಕಿನ ಹೊರತು ಯಾರೂ ಮುಟ್ಟಬಾರದೆಂಬ ನಿಯಮವಿತ್ತು. ಬಿಸಿಲಿಗೆ ಡಾಂಬರು ಕರಗಿ ಕಣ್ಣಿಗೆ ಸಿಡಿಯುತ್ತಿದ್ದ ಆ ದಾರಿಯಲ್ಲಿ ಟೈರುಗಳು ಮತ್ತೆ ಮತ್ತೆ ಒಡೆದವು. ಉಳಿದವರು ಹರಿದ ಟೈರನ್ನು ಚಾಕುವಿನಿಂದ ಕೊಯ್ದು ತೆಗೆದು ಹೊಸದನ್ನು ರಿಮ್ಮಿಗೆ ಏರಿಸಲು ಹೆಣಗುತ್ತಿದ್ದಾಗ, ಮಿಶೆಲಿನ್ ಕಂಪನಿಯ ಬಿಚ್ಚಬಹುದಾದ ರಿಮ್ಮುಗಳನ್ನು ಹಾಕಿಸಿಕೊಂಡವರು ಎಂಟು ನಟ್ಟು ಬಿಚ್ಚಿ, ಗಾಳಿ ತುಂಬಿದ ಟೈರಿನ ಸಮೇತ ರಿಮ್ಮನ್ನೇ ಬದಲಾಯಿಸಿ ಕೆಲವೇ ನಿಮಿಷಗಳಲ್ಲಿ ಹೊರಟುಬಿಡುತ್ತಿದ್ದರು. ಗೆದ್ದವನು ರೆನೊ ಗಾಡಿಯ ಫೆರೆಂಕ್ ಸಿಸ್. ಅವನು ಅದಕ್ಕಿಂತ ಮೊದಲು ಲೂಯಿ ರೆನೊನ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದ ಮೆಕ್ಯಾನಿಕ್. ಇದನ್ನು ಹೇಳಿದಾಗ ಉಸ್ತಾದರ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣ ಮುಂದಿದೆ. ಎರಡನೆಯ ಸ್ಥಾನ ಫಿಯಟ್ಟಿನ ಫೆಲಿಚೆ ನಜಾರೊನದ್ದು, ಮರುವರ್ಷ ದಿಯೆಪ್ಪಿನಲ್ಲಿ ಅವನು ಮೊದಲು ಬಂದ, ಸಿಸ್ ಎರಡನೆಯವನಾದ.

1911ರ ಮೊದಲ ಇಂಡಿಯಾನಾಪೊಲಿಸ್ 500 ಓಟದಲ್ಲಿ ರೇ ಹ್ಯಾರೂನ್ ಮೆಕ್ಯಾನಿಕ್ಕಿಲ್ಲದೆ ಒಬ್ಬನೇ ಓಡಿಸಿದ್ದಕ್ಕೆ ಉಳಿದವರು ಆಕ್ಷೇಪಿಸಿದರು. ಹಿಂದೆ ನೋಡುವವರು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಅವನು ಒಂದು ಕನ್ನಡಿ ಕಟ್ಟಿಕೊಂಡ, ಗೆದ್ದ. ಗ್ರಾಂಪ್ರಿ ಓಟಗಳಲ್ಲಿ 1925ರಿಂದ ಮೆಕ್ಯಾನಿಕ್ಕನ್ನು ಕೂರಿಸಿಕೊಳ್ಳುವುದು ನಿಂತಿತು. ಆದರೂ ಪಕ್ಕದ ಸೀಟಿನ ಬೆಲೆ 1955ರ ಮಿಲ್ಲೆ ಮಿಲ್ಯಾದಲ್ಲಿ ಮತ್ತೆ ಕಂಡಿತು. ಬ್ರೆಶ್ಯಾದಿಂದ ರೋಮಿಗೆ ಹೋಗಿ ಮರಳುವ, ಸುಮಾರು 1600 ಕಿಲೋಮೀಟರಿನ ಆ ಓಟವನ್ನು ಸ್ಟರ್ಲಿಂಗ್ ಮಾಸ್ 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಗೆದ್ದಾಗ, ಪಕ್ಕದಲ್ಲಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ದಾರಿಯ ತಿರುವುಗಳನ್ನೆಲ್ಲ ಬರೆದ ಕಾಗದದ ಸುರುಳಿಯನ್ನು ಡಬ್ಬಿಯೊಳಗೆ ಸುತ್ತುತ್ತ, ಕೈಸನ್ನೆಯಿಂದ ಮುಂದಿನ ತಿರುವನ್ನು ತಿಳಿಸುತ್ತಿದ್ದ. ಅವರ ಮರ್ಸಿಡಿಸ್ಸಿನ ಸಂಖ್ಯೆ 722, ಬೆಳಗಿನ 7 ಗಂಟೆ 22 ನಿಮಿಷಕ್ಕೆ ಹೊರಟ ಗಾಡಿ ಎಂದು ಅದರ ಅರ್ಥ. ಸಣ್ಣ ಗಾಡಿಗಳು ಹಿಂದಿನ ರಾತ್ರಿಯೇ ಹೊರಡುತ್ತಿದ್ದವು, ಆ ಕಾಲದ ಮಿಲ್ಲೆ ಮಿಲ್ಯಾಗಳಲ್ಲಿ ನಮ್ಮ ಫಿಯಟ್ 1100ರ ಒಡಹುಟ್ಟಿದವೂ ಓಡಿವೆ.

ಬ್ರೇಕಿನ ವಿಷಯದಲ್ಲಿ ನನಗೂ ಕೆಲವು ಗೆಳೆಯರಿಗೂ ಭಿನ್ನಾಭಿಪ್ರಾಯ ಬಂತು. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕಿರುವ ಈ ಗಾಡಿಗೆ ಮುಂದೆ ಡಿಸ್ಕ್ ಹಾಕಿಸಬೇಕೆಂದು ಅವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಈ ಎಂಜಿನ್ನಿನ ವೇಗಕ್ಕೆ ಡ್ರಮ್ಮುಗಳು ಸಾಕು, ಅವು ಸರಿಯಾಗಿರಬೇಕಷ್ಟೇ. ಚಕ್ರದ ಸಿಲಿಂಡರುಗಳ ರಬ್ಬರುಗಳನ್ನೂ ಹೋಸುಗಳನ್ನೂ ಬದಲಾಯಿಸಿ, ಡ್ರಮ್ಮು ತಿರುಗಿಸಿ, ಹೊಸ ಲೈನರು ಹೊಡೆಸಿ, ಉಸ್ತಾದರು ಪೆಡಲು ಒತ್ತುತ್ತಿದ್ದಂತೆ ನಾನು ಒಂದೊಂದೇ ಚಕ್ರದ ನಿಪ್ಪಲ್ ತೆರೆದು ಗಾಳಿ ಬಿಟ್ಟೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿಗೆ ಬರುವುದನ್ನು ಚಾಲಕ ಕಲಿಯಬೇಕು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯ ನಿಯಮ ತಂದಾಗ, ಚಾಸಿ, ಮೈ, ಎಂಜಿನ್ನುಗಳು ಮೂಲರೂಪದಲ್ಲಿರಬೇಕೆಂದು ಅದರಲ್ಲಿಯೇ ಹೇಳಿದ್ದು ನನಗೆ ಸಮಾಧಾನ ತಂದಿತು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಾಮಿನಲ್ಲಿ (ಒಳಗಿನ ರಬ್ಬರಿನ ಪದರದಲ್ಲಿ) ಮಾತ್ರ ಹಳೆಯದಕ್ಕೆ ಅಂಟಿಕೊಳ್ಳಲಿಲ್ಲ, ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುವುದರಿಂದ ಅದನ್ನು ತಾಳುವ ಹೊಸದನ್ನು ಹಾಕಿದೆ.

ಬಣ್ಣ ಮತ್ತು ಟಿಂಕರಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ತುಕ್ಕು ತಿಂದ ಕಡೆ ತಗಡು ಬದಲಾಯಿಸಿದೆವು, ಉಳಿದ ಕಡೆ ಹಳೆಯ ಬಣ್ಣವನ್ನೇ ಉಜ್ಜಿ ಉಳಿಸಿಕೊಂಡೆವು. ಒಳಗೆ ಎಡಬದಿಯ ಸೀಟು ಬಲಬದಿಯದಕ್ಕಿಂತ ಹೆಚ್ಚು ಕುಸಿದಿತ್ತು, ಅದರ ಮುಂದಿನ ನೆಲದ ರಬ್ಬರು ಒಂದೇ ಜಾಗದಲ್ಲಿ ಸವೆದಿತ್ತು. ಚಾಲಕನ ಸೀಟಿಗಿಂತ ಪಕ್ಕದ ಸೀಟು ಹೆಚ್ಚು ಸವೆಯುವುದು ನನಗೆ ವಿಚಿತ್ರವೆನಿಸಿತು. ವೈದ್ಯರ ಮನೆಯವರನ್ನು ಕೇಳಿದಾಗ, ಚಾಲಕನ ಸೀಟಿಗೆ ಒಮ್ಮೆ ಹೊಸ ಸ್ಪ್ರಿಂಗು ಹಾಕಿಸಿದ್ದೆವು, ಪಕ್ಕದಲ್ಲಿ ಯಾವಾಗಲೂ ಕಂಪೌಂಡರ್ ಕೂರುತ್ತಿದ್ದರು, ಔಷಧಿಯ ಪೆಟ್ಟಿಗೆ ಅವರ ಕಾಲ ಬಳಿ ಇರುತ್ತಿತ್ತು ಎಂದರು. ಆ ಸೀಟನ್ನು ನಾನು ಮುಟ್ಟಲಿಲ್ಲ.

2014ರ ಜನವರಿಯ ಒಂದು ಭಾನುವಾರ ಕಾರನ್ನು ಗದಗಿಗೆ ಓಡಿಸಿದೆ. ಉಸ್ತಾದರು ಎಡಗಡೆ ಕೂತಿದ್ದರು. ಗಂಟೆಗೆ 50 ಕಿಲೋಮೀಟರು ಮೀರಬಾರದೆಂದು ಹೇಳಿ, ದಾರಿಯುದ್ದಕ್ಕೂ ಮಾತಾಡದೆ ಎಂಜಿನ್ನನ್ನೇ ಕೇಳುತ್ತಿದ್ದರು. ಎರಡೂ ಬದಿಯ ಎರೆಹೊಲಗಳಲ್ಲಿ ಕಡಲೆ, ಜೋಳ. ಅಣ್ಣಿಗೇರಿ ದಾಟಿದ ಮೇಲೆ ಡ್ಯಾಶಿನ ಮೇಲೆ ಅಂಗೈ ಇಟ್ಟು ನಿಲ್ಲಿಸಲು ಹೇಳಿದರು. ನನಗೆ ಏನೂ ಕೇಳಿಸಿರಲಿಲ್ಲ. ಇಳಿದು ಬಾನೆಟ್ ಎತ್ತಿದರೆ ಡೈನಮೋದ ಬೋಲ್ಟೊಂದು ಅರ್ಧ ಸುತ್ತು ಸಡಿಲವಾಗಿತ್ತು. ಜೇಬಿನಿಂದ ಪಾನಾ ತೆಗೆದು ಬಿಗಿದು ಮತ್ತೆ ಹತ್ತಿ ಕೂತರು.

ಗದಗಿನಲ್ಲಿ ವೈದ್ಯರ ಮನೆಯ ಮುಂದೆ ಆ ಕಂಪೌಂಡರು ನಮಗಾಗಿ ಕಾಯುತ್ತಿದ್ದರು. ಎಂಬತ್ತೈದು ದಾಟಿದವರು, ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಮೊಮ್ಮಗ ಕೈಹಿಡಿದುಕೊಂಡಿದ್ದ. ಉಸ್ತಾದರು ಇಳಿದು ಸೀಟು ಬಿಟ್ಟುಕೊಟ್ಟು ಬಾಗಿಲು ಮುಚ್ಚಿದರು. ಬಾಗಿಲು ಹಿಮ್ಮುಖವಾಗಿ ತೆರೆಯುವುದರಿಂದ ಹೊಸಬರೆಲ್ಲ ಹಿಡಿಕೆಯನ್ನು ಹಿಂದಿನ ಅಂಚಿನಲ್ಲಿ ಹುಡುಕುತ್ತಾರೆ, ಅದು ಮುಂದಿನ ಅಂಚಿನಲ್ಲಿದೆ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮೊಮ್ಮಗನ ಕೈಬಿಟ್ಟು, ಸೀದಾ ಮುಂದಿನ ಅಂಚಿಗೆ ಕೈಯೊಯ್ದು, ಹಿಡಿಕೆ ತಿರುಗಿಸಿ ಬಾಗಿಲು ತೆರೆದರು. ಕೂತ ಮೇಲೆ ಕಾಲ ಬಳಿ ಪೆಟ್ಟಿಗೆಯಿಲ್ಲವಲ್ಲ ಎಂದು ಕೇಳಿದರು.